ಬಿಲ್ಲಿ ಎಲಿಯಟ್ ಶುರುವಾಗೋ ರೀತಿ: ನೆಗೆತ ಎಲ್ರಿಗೂ ನೆನಪಿದೆ, ಮೊಟ್ಟೆ ಯಾಕೆ ಯಾರಿಗೂ ನೆನಪಿಲ್ಲ?

ಸುಮಾ_ತೀರ್ಥಹಳ್ಳಿ

ಎಲ್ರಿಗೂ ನಮಸ್ಕಾರ. ಮೂರು ದಿನದಿಂದ ಮಳೆ ಬಿಟ್ಟಿಲ್ಲ ಇಲ್ಲಿ, ಕರೆಂಟ್ ಇದ್ದಾಗೆಲ್ಲ ಸ್ವಲ್ಪ ಸ್ವಲ್ಪ ನೋಡ್ಕೊಂಡು ಬಿಲ್ಲಿ ಎಲಿಯಟ್ ಇನ್ನೊಂದ್ಸಲ ಮುಗಿಸಿದೆ. ಎಷ್ಟನೇ ಸಲವೋ ಲೆಕ್ಕ ಇಟ್ಟಿಲ್ಲ. ಆದ್ರೆ ಈ ಸಲ ಶುರುವಿನ ನಾಲ್ಕೈದು ನಿಮಿಷಾನೇ ಹಿಂದೆ ಮುಂದೆ ಮಾಡಿ ಮಾಡಿ ನೋಡ್ದೆ, ತಲೇಲಿ ಅದೇ ಸುತ್ತುತಾ ಇದೆ, ಬರೀದೇ ಇದ್ರೆ ಹೋಗಲ್ಲ.

ನೋಡದೇ ಇರೋರಿಗೆ ಒಂದೆರಡು ಮಾತು. 2000ನೇ ಇಸವಿ ಸಿನಿಮಾ, ಸ್ಟೀಫನ್ ಡಾಲ್ಡ್ರಿ ಡೈರೆಕ್ಟರ್, ಅವರ ಮೊದಲ ದೊಡ್ಡ ಸಿನಿಮಾ ಇದು, ಅದಕ್ಕೂ ಮುಂಚೆ ನಾಟಕದವರು. ಕಥೆ ಬರೆದಿದ್ದು ಲೀ ಹಾಲ್, ಅವರು ನ್ಯೂಕ್ಯಾಸಲ್ ಕಡೆಯವರೇ. ಇಂಗ್ಲೆಂಡಿನ ಈಶಾನ್ಯದ ಡರಮ್ ಅನ್ನೋ ಕಡೆ ಕಲ್ಲಿದ್ದಲು ಗಣಿ ಊರು, 1984, ಗಣಿ ಕಾರ್ಮಿಕರ ಸ್ಟ್ರೈಕ್ ನಡೀತಿದೆ. 11 ವರ್ಷದ ಬಿಲ್ಲಿಗೆ ಅಪ್ಪ ಬಾಕ್ಸಿಂಗ್ ಕಲೀಲಿ ಅಂತ ಕಳಿಸ್ತಾರೆ, ಅವನು ಬ್ಯಾಲೆ ಡ್ಯಾನ್ಸ್ ಕಡೆ ಹೋಗ್ತಾನೆ.

ಶುರು ಹೀಗಿದೆ. ಹುಡುಗ ಒಂದು ರೆಕಾರ್ಡ್ ಹಾಕ್ತಾನೆ (ನಮ್ಮಜ್ಜ ಇದನ್ನ ಪ್ಲೇಟು ಅಂತಿದ್ರು, ಪ್ಲೇಟಿನ ಮೇಲೆ ಮುಳ್ಳು ಇಡೋದು ಅಂತ). ಟಿ ರೆಕ್ಸ್ ಅನ್ನೋ ಬ್ಯಾಂಡಿನ ಕಾಸ್ಮಿಕ್ ಡ್ಯಾನ್ಸರ್, 1971ರ ಹಾಡು. ಹಿಂದೆ ಹಳದಿ ಛಾಯೆಯ ಚಿತ್ತಾರದ ವಾಲ್‌ಪೇಪರ್ ಮಾತ್ರ. ಕೆಳಗಿಂದ ಬಿಲ್ಲಿ ತಲೆ ಮೇಲೆ ಬರುತ್ತೆ, ಸ್ಲೋ ಮೋಷನ್ನಲ್ಲಿ, ಕೈಕಾಲು ಬೀಸ್ತಾ, ಮತ್ತೆ ಕೆಳಗೆ ಹೋಗುತ್ತೆ. ಅವನು ಹಾಸಿಗೆ ಮೇಲೆ ಹಾರ್ತಿದಾನೆ ಅಂತ ನಮಗೆ ಗೊತ್ತಾಗುತ್ತೆ, ಆದ್ರೆ ಕಣ್ಣಿಗೆ ಬೀಳೋದು ಗಾಳೀಲಿರೋ ಹೊತ್ತು ಮಾತ್ರ. ಇಷ್ಟು ಎಲ್ರಿಗೂ ನೆನಪಿರುತ್ತೆ, ಪೋಸ್ಟರಲ್ಲೂ ನೆಗೆತ, ಲೇಖನಗಳಲ್ಲೂ ನೆಗೆತ.

ನಾನು ಹೇಳಬೇಕಾಗಿರೋದು ಆಮೇಲಿಂದು. ಅದೇ ಹುಡುಗ ಅಡುಗೆಮನೆಗೆ ಬರ್ತಾನೆ, ಮೊಟ್ಟೆ ಬೇಯಿಸಿರ್ತಾನೆ, ಟೋಸ್ಟ್ ಮಾಡ್ತಾನೆ, ಟ್ರೇನಲ್ಲಿ ಇಟ್ಕೊಂಡು ಅಜ್ಜಿ ರೂಮಿಗೆ ಹೋಗ್ತಾನೆ. ಅಜ್ಜಿ ಹಾಸಿಗೆ ಖಾಲಿ. ಅಜ್ಜಿಗೆ ಮರೆವಿನ ಕಾಯಿಲೆ. ಓಡ್ತಾನೆ, ಬೀದಿ ದಾಟಿ ಎದೆಮಟ್ಟ ಹುಲ್ಲಿನ ಬಯಲಲ್ಲಿ ಹುಡುಕ್ತಾನೆ, ಅಲ್ಲಿ ಅಜ್ಜಿ ದಾರಿ ತಪ್ಪಿದ ಮಗು ತರ ನಿಂತಿರ್ತಾರೆ. ಕೈ ಹಿಡ್ಕೋತಾನೆ. ಹಿಂದೆ ಏರಿ ಮೇಲೆ ಶೀಲ್ಡ್ ಹಿಡಿದ ಪೊಲೀಸರ ಸಾಲು.

ಈ ಸಿನಿಮಾ ಬಿಲ್ಲೀನ ನಮಗೆ ಪರಿಚಯ ಮಾಡ್ಸೋದು ಡ್ಯಾನ್ಸರ್ ಅಂತ ಅಲ್ಲ, ಮನೆ ನೋಡ್ಕೊಳ್ಳೋ ಹುಡುಗ ಅಂತ. ಆ ಮನೇಲಿ ಅಮ್ಮ ಇಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳೋಕೆ ಮುಂಚೇನೇ ಮೊಟ್ಟೆ ಹೇಳ್ಬಿಡುತ್ತೆ. 11 ವರ್ಷದ ಮಗು ಬೆಳಿಗ್ಗೆ ಅಜ್ಜಿಗೆ ತಿಂಡಿ ಮಾಡ್ತಿದೆ ಅಂದ್ರೆ ಆ ಕೆಲಸ ಮಾಡ್ಬೇಕಾದೋರು ಇಲ್ಲ ಅಂತ ತಾನೆ? ನಿಮಗೆಲ್ಲ ಏನನ್ಸುತ್ತೆ?

ಕ್ಯಾಮೆರಾ_ಕಣ್ಣು

ಸುಮಾ ಮೇಡಂ ಒಳ್ಳೆ ಪೋಸ್ಟು. ನಾನು ಮದುವೆ ವಿಡಿಯೋ ಶೂಟ್ ಮಾಡೋನು, ನಂಗೆ ಟೆಕ್ನಿಕಲ್ ಕಡೆ ಒಂದೆರಡು ಹೇಳ್ಬೇಕು ಅನ್ನಿಸ್ತು. ಕ್ಯಾಮೆರಾ ಬ್ರಯನ್ ಟುಫಾನೋ ಅವರದು, ಟ್ರೇನ್‌ಸ್ಪಾಟಿಂಗ್ ಅನ್ನೋ ಸಿನಿಮಾಗೆ ಕ್ಯಾಮೆರಾ ಹಿಡಿದಿದ್ದೂ ಅವರೇ. ನೀವು ಹೇಳಿದ ಹಾಗೆ ಗಾಳೀಲಿರೋ ಹೊತ್ತು ಮಾತ್ರ ತೋರಿಸೋದು ಇದೆಯಲ್ಲ ಅದು ಸುಮ್ನೆ ಚೆಂದಕ್ಕೆ ಅಲ್ಲ. ಯಾರಾದ್ರೂ ಹಾರೋದನ್ನ ಶೂಟ್ ಮಾಡುವಾಗ ನಾವು ಸಾಮಾನ್ಯವಾಗಿ ಕ್ಯಾಮೆರಾನ ಅವರ ಜೊತೆ ಮೇಲೆ ಕೆಳಗೆ ಆಡಿಸ್ತೀವಿ. ಇಲ್ಲಿ ಫ್ರೇಮು ನಿಂತಲ್ಲೇ ನಿಂತಿದೆ, ಹುಡುಗ ಅದರೊಳಗೆ ಬರ್ತಾನೆ ಹೋಗ್ತಾನೆ. ಅಂದ್ರೆ ಅವನು ಹೊರಗೆ ಬೀಳೋದು ಖಚಿತ, ಮತ್ತೆ ಬರ್ತಾನಾ ಅಂತ ಪ್ರತಿ ಸಲ ಕಾಯೋ ಹಾಗೆ ಆಗುತ್ತೆ. ಒಂದೇ ಗೋಡೆ, ಒಂದೇ ಲೈಟು, ಒಬ್ಬ ಹುಡುಗ, ಖರ್ಚೇ ಇಲ್ಲ, ಆದ್ರೂ ಕಣ್ಣು ತೆಗಿಯೋಕಾಗಲ್ಲ.

ಇನ್ನೊಂದು ವಿಷ್ಯ, ಚಿತ್ರ ಸ್ಲೋ ಆಗಿದೆ ಆದ್ರೆ ಹಾಡು ತನ್ನ ಸ್ಪೀಡಲ್ಲೇ ಇದೆ. ಹೀಗಾಗಿ ಹುಡುಗ ಹಾಡಿನ ತಾಳಕ್ಕೆ ಸಿಗ್ತಾನೇ ಇಲ್ಲ, ಅವನ ಪಾಡಿಗೆ ಅವನು ತೇಲ್ತಾನೆ. ಎಡಿಟಿಂಗ್‌ನಲ್ಲಿ ತಾಳಕ್ಕೆ ಸರಿಯಾಗಿ ಕಟ್ ಮಾಡೋದು ಸುಲಭ, ಹೀಗೆ ಬಿಡೋದಕ್ಕೆ ಧೈರ್ಯ ಬೇಕು.

ಹುಬ್ಬಳ್ಳಿ_ಬಸೂ

ಸಿನಿಮಾ ನನಗೂ ಸೇರತೈತ್ರಿ, ಆದ್ರ ಆ ಪೊಲೀಸರ ವಿಷಯದಾಗ ನಂದು ತಕರಾರು ಐತಿ. ಅಲ್ರೀ, ಅಷ್ಟ್ ದೊಡ್ಡ ಸ್ಟ್ರೈಕು, 1984ರ ಮಾರ್ಚ್‌ದಾಗ ಶುರು ಆಗಿ 1985ರ ಮಾರ್ಚ್ ತನಕ ನಡೀತು. ಸರ್ಕಾರದ ಕಲ್ಲಿದ್ದಲು ಮಂಡಳಿಯವ್ರು 20 ಗಣಿ ಮುಚ್ಚತೀವಿ ಅಂದ್ರು, 20,000 ಮಂದಿ ಕೆಲಸ ಹೋಗೂದಿತ್ತು. ಆ ಕಡೆ ಪ್ರಧಾನಿ ಥ್ಯಾಚರ್, ಈ ಕಡೆ ಯೂನಿಯನ್ ಲೀಡರ್ ಆರ್ಥರ್ ಸ್ಕಾರ್ಗಿಲ್. ಜೂನ್ 18ಕ್ಕ ಆರ್ಗ್ರೀವ್ ಅನ್ನೂ ಜಾಗಾದಾಗ ಕುದುರಿ ಪೊಲೀಸರು ಕಾರ್ಮಿಕರ ಮ್ಯಾಲೆ ನುಗ್ಗಿದ್ರು. ಕಡೀಗೆ ಒಂದ ಒಪ್ಪಂದಾನೂ ಇಲ್ಲದ ಕೆಲಸಕ್ಕ ವಾಪಸ್ ಹೋಗಬೇಕಾತು ಪಾಪ.

ಇಷ್ಟೆಲ್ಲಾ ಆಗಿದ್ದನ್ನ ಈ ಸಿನಿಮಾ ಶುರುವಿನ್ಯಾಗ ಹೆಂಗ ತೋರಸ್ತೈತಿ? ಅಜ್ಜಿ ಹಿಂದ ಒಂದ್ ಸಾಲು ಪೊಲೀಸರನ್ನ ನಿಲ್ಲಿಸಿ ಮುಗಿಸಿಬಿಡ್ತಾರ. ನಾಟಕದಾಗ ಹಿಂದ ಪರದೆ ಇಳಿಬಿಡ್ತಾರಲ್ಲ ಹಂಗ. ನಮ್ಮಪ್ಪ ಮಿಲ್‌ದಾಗ ಕೆಲಸ ಮಾಡಿದವ್ರು, ಮಿಲ್ಲು ಬಂದ್ ಆದ ಮ್ಯಾಲೆ ಮನ್ಯಾಗ ಏನೇನಾತು ನಾ ಕಣ್ಣಾರೆ ಕಂಡೀನಿ. ಅದಕ್ಕ ಕಾರ್ಮಿಕರ ಹೋರಾಟ ಸೀನರಿ ಆದ್ರ ನನಗ ನೋವಾಗತೈತಿ. ತಪ್ಪ್ ತಿಳ್ಕೋಬ್ಯಾಡ್ರಿ ಅಕ್ಕಾರ.

ಸುಮಾ_ತೀರ್ಥಹಳ್ಳಿ

ಬಸೂ ಅಣ್ಣ ತಪ್ಪೇನೂ ತಿಳ್ಕೊಂಡಿಲ್ಲ, ನಿಮ್ಮ ಮಾತಿಗೆ ತೂಕ ಇದೆ. ಆದ್ರೆ ನಂಗೆ ಅದು ಪರದೆ ಅಂತ ಅನ್ಸಲ್ಲ, ಯಾಕೆ ಅಂತ ಹೇಳ್ತೀನಿ. ಆ ಸೀನು ಇರೋದು ಬಿಲ್ಲಿ ಕಣ್ಣಿನ ಎತ್ತರದಲ್ಲಿ. ಅವನು ಹುಡುಕ್ತಿರೋದು ಅಜ್ಜೀನ, ಸಿಕ್ಕಿದ್ರು, ಆಮೇಲೆ ತಲೆ ಎತ್ತಿದ್ರೆ ಶೀಲ್ಡುಗಳು. ಮಕ್ಕಳಿಗೆ ಸ್ಟ್ರೈಕ್ ಗೊತ್ತಾಗೋದು ಹಾಗೇ ಅಲ್ವಾ, ಪೇಪರ್ ಓದಿ ಅಲ್ಲ, ತಮ್ಮ ಕೆಲಸದ ಮಧ್ಯೆ ಅಡ್ಡ ಬಂದಾಗ.

ಮುಂದೆ ಒಂದು ಸೀನಿದೆ ನೆನಪಿದ್ಯಾ, ಬ್ಯಾಲೆ ಟೀಚರ್ ಮಗಳು ಡೆಬಿ ಬಿಲ್ಲಿ ಜೊತೆ ಮಾತಾಡ್ತಾ ಕೈಲಿರೋ ಕೋಲನ್ನ ಗೋಡೆಗೆ ಗೀರ್ಕೊಂಡು ಬರ್ತಾಳೆ. ಗೋಡೆ ಮುಗಿಯುತ್ತೆ, ಅಲ್ಲಿಂದ ಪೊಲೀಸರ ಶೀಲ್ಡ್ ಸಾಲು ಶುರು, ಅವಳು ಮಾತು ನಿಲ್ಲಿಸದೇ ಅದರ ಮೇಲೂ ಕೋಲು ಗೀರ್ಕೊಂಡೇ ಹೋಗ್ತಾಳೆ. ಟರ್ ಟರ್ ಅಂತ. ಶೀಲ್ಡು ಅವಳಿಗೆ ಇನ್ನೊಂದು ಗೋಡೆ ಅಷ್ಟೆ. ಶುರುವಲ್ಲಿ ದೂರ ಏರಿ ಮೇಲೆ ಇದ್ದ ಪೊಲೀಸರು ಅಷ್ಟೊತ್ತಿಗೆ ಮಕ್ಕಳ ಮೊಣಕೈ ಪಕ್ಕ ಬಂದಿದಾರೆ. ಹತ್ತಿರ ಬರ್ತಾ ಬರ್ತಾ ಭಯ ಹೋಗಿ ರೂಢಿ ಆಗಿದೆ, ನಂಗೆ ಇದು ಆರ್ಗ್ರೀವ್ ತೋರಿಸೋದಕ್ಕಿಂತ ಜಾಸ್ತಿ ಸಂಕಟ ಮಾಡ್ತು.

ಇನ್ನೊಂದು ನೋಡಿ. ಬಾಕ್ಸಿಂಗ್ ಹಾಲ್‌ನಲ್ಲಿ ಬ್ಯಾಲೆ ಕ್ಲಾಸ್ ಯಾಕೆ ನಡೆಯುತ್ತೆ? ಬ್ಯಾಲೆಯವರ ಮಾಮೂಲಿ ಜಾಗದಲ್ಲಿ ಸ್ಟ್ರೈಕ್ ಮಾಡ್ತಿರೋ ಕಾರ್ಮಿಕರಿಗೆ ಗಂಜಿ ಕೇಂದ್ರ ಮಾಡಿರ್ತಾರೆ, ಅದಕ್ಕೆ ಅವರನ್ನ ಈ ಹಾಲ್‌ಗೆ ಕಳಿಸಿರೋದು. ಸ್ಟ್ರೈಕ್ ಇಲ್ದಿದ್ರೆ ಬಿಲ್ಲಿ ಬ್ಯಾಲೆ ಕಣ್ಣಿಗೇ ಬೀಳ್ತಿರ್ಲಿಲ್ಲ. ಇದು ಪರದೆ ಹೇಗಾಗುತ್ತೆ ಅಣ್ಣಾ?

ಹುಬ್ಬಳ್ಳಿ_ಬಸೂ

ಗಂಜಿ ಕೇಂದ್ರದ್ದು ನಾ ಖರೇನ ಲಕ್ಷ್ಯ ಕೊಟ್ಟಿದ್ದಿಲ್ಲ. ಅದನ್ನ ಒಪ್ಪತೀನ್ರಿ. ಕೋಲಿಂದು ನೆನಪೈತಿ, ಚಲೋ ಸೀನ್ ಅದು. ಆದ್ರೂ ಶುರುವಿನ್ಯಾಗ ಒಂದ್ ಮಾತು, ಯಾಕ ಸ್ಟ್ರೈಕ್ ನಡದೈತಿ ಅಂತ ಒಂದ ಒಂದ್ ಮಾತು ಹೇಳಬೇಕಿತ್ತು. ಗೊತ್ತಿಲ್ಲದವ್ರು ನೋಡಿದ್ರ ಪೊಲೀಸರು ಯಾಕ ಬಂದಾರ ಅಂತ ತಿಳಿಯೂದುಲ್ಲ. ಇಷ್ಟಕ್ಕ ನಾ ಬಿಡಂಗಿಲ್ಲ.

ಟೈನ್_ದಡದಿಂದ

ಹಾಯ್ ಎಲ್ರಿಗೂ, ನಾನು ಮೂಲ ಮೈಸೂರು, ಈಗ ನ್ಯೂಕ್ಯಾಸಲ್‌ನಲ್ಲಿ ಇದ್ದು ವರ್ಷಗಳಾಯ್ತು, ಈ ಥ್ರೆಡ್ ನೋಡಿ ಸುಮ್ನಿರಕ್ಕಾಗ್ಲಿಲ್ಲ. ಸಿನಿಮಾದಲ್ಲಿ ಊರಿನ ಹೆಸರು ಎವರಿಂಗ್ಟನ್, ಅದು ಕಲ್ಪನೆ. ಶೂಟ್ ಮಾಡಿದ್ದು ಹೆಚ್ಚಾಗಿ ಈಸಿಂಗ್ಟನ್ ಕಾಲಿಯರಿ ಅನ್ನೋ ನಿಜವಾದ ಗಣಿ ಊರಲ್ಲಿ, ಹೆಸರಲ್ಲೇ ಗಣಿ ಇದೆ, ಕಾಲಿಯರಿ ಅಂದ್ರೆ ಕಲ್ಲಿದ್ದಲು ಗಣಿ. ನಾನು ಒಂದು ಭಾನುವಾರ ಹೋಗಿದ್ದೆ. ಇಳಿಜಾರಲ್ಲಿ ಸಾಲು ಸಾಲು ಇಟ್ಟಿಗೆ ಮನೆ, ಬೀದಿ ತುದೀಲಿ ಏಕ್ದಂ ಸಮುದ್ರ. ಗಣಿ 1993ರಲ್ಲಿ ಮುಚ್ಚಿದಾರೆ. ಈಗ ಅಲ್ಲಿ ಹುಲ್ಲು, ಗಾಳಿ, ದಿಬ್ಬದ ಮೇಲೆ ಕಾರ್ಮಿಕರನ್ನ ಕೆಳಗಿಳಿಸ್ತಿದ್ದ ಲಿಫ್ಟಿನ ಹಳೇ ಪಂಜರ ಸ್ಮಾರಕ ಅಂತ ಇಟ್ಟಿದಾರೆ. ಅದರ ಪಕ್ಕ ನಿಂತ್ರೆ ಒಳಗೆ ಎಷ್ಟು ಇಕ್ಕಟ್ಟು ಅಂತ ಗೊತ್ತಾಗುತ್ತೆ. 1951ರಲ್ಲಿ ಅದೇ ಗಣೀಲಿ ಸ್ಫೋಟ ಆಗಿ 83 ಜನ ಸತ್ತಿದ್ರು, ಅದರಲ್ಲಿ ಇಬ್ರು ಕಾಪಾಡೋಕೆ ಇಳಿದೋರು.

ಬಸೂ ಸರ್, ಇಲ್ಲಿಯವರಿಗೆ ವಿವರಣೆ ಬೇಕಾಗಿರ್ಲಿಲ್ಲ ಅಂತ ನಂಗನ್ಸುತ್ತೆ. ಡರಮ್ ಕಲ್ಲಿದ್ದಲು ಪ್ರದೇಶ, 1984 ಅಂತ ತೆರೆ ಮೇಲೆ ಅಕ್ಷರ ಬಂದ್ರೆ ಸಾಕು, ಆ ಇಸವಿ ನೋಡಿದ ತಕ್ಷಣ ಇಲ್ಲಿ ವಯಸ್ಸಾದೋರ ಮುಖ ಬದಲಾಗುತ್ತೆ. ಈಸಿಂಗ್ಟನ್‌ನಲ್ಲೇ 1984ರ ಆಗಸ್ಟ್‌ನಲ್ಲಿ ಸ್ಟ್ರೈಕ್ ಮುರಿದು ಕೆಲಸಕ್ಕೆ ಬಂದ ಒಬ್ಬನೇ ಒಬ್ಬನನ್ನ ಒಳಗೆ ಬಿಡೋಕೆ ಪೊಲೀಸರು ಊರು ತುಂಬ್ಕೊಂಡಿದ್ರು, ದೊಡ್ಡ ಗಲಾಟೆ ಆಗಿತ್ತು. ಅಂಥ ಊರಲ್ಲೇ ಆ ಶೀಲ್ಡ್ ಸಾಲನ್ನ ಮತ್ತೆ ನಿಲ್ಲಿಸಿ ಶೂಟ್ ಮಾಡಿದಾರೆ, ಅದು ನೆನೆಸ್ಕೊಂಡ್ರೆ ಮೈ ಜುಂ ಅನ್ನುತ್ತೆ ನಂಗೆ.

ಭಾಷೆ ಬಗ್ಗೆ ಒಂದು. ಬಿಲ್ಲಿ ಅಮ್ಮಂಗೆ ಮಮ್ ಅನ್ನಲ್ಲ, ಮ್ಯಾಮ್ ಅಂತಾನೆ, ಈ ಕಡೆಯವರೆಲ್ಲ ಹಾಗೇ. ನಂಗೆ ಕೊಡು ಅನ್ನೋ ಕಡೆ ನಮಗೆ ಕೊಡು ಅಂತಾರೆ, ನಮ್ಮ ಕಡೆ ಒಬ್ರೇ ಇದ್ರೂ "ನಮ್ಗೇನ್ ಗೊತ್ತು ಸ್ವಾಮಿ" ಅಂತಾರಲ್ಲ ಹಾಗೆ. ಸಬ್‌ಟೈಟಲ್‌ನಲ್ಲಿ ಇದೆಲ್ಲ ಕಳೆದುಹೋಗುತ್ತೆ.

ಗೆಜ್ಜೆ_ಹುಡುಗ

ನಾನು ಸಾಮಾನ್ಯವಾಗಿ ಬರಿಯಲ್ಲ, ಓದ್ಕೊಂಡು ಹೋಗೋನು. ಆದ್ರೆ ಒಂದು ವಿಷ್ಯ ಯಾರೂ ಹೇಳ್ಲಿಲ್ಲ. ಆ ರೆಕಾರ್ಡು ಬಿಲ್ಲೀದಲ್ಲ. ಅಣ್ಣ ಟೋನಿದು. ಆಮೇಲೆ ಟೋನಿ ರೂಮಲ್ಲಿ ಅವನನ್ನ ಕೇಳ್ತಾನೆ ನನ್ನ ರೆಕಾರ್ಡ್ ಮುಟ್ಟಿದ್ಯಾ ಅಂತ, ಕೆಟ್ಟ ಬೈಗುಳ ಸೇರಿಸಿ. ಅಂದ್ರೆ ಆ ಮೊದಲ ಕುಣಿತ ಕದ್ದ ಕುಣಿತ. ಮನೇಲಿ ದೊಡ್ಡೋರು ಇಲ್ದೇ ಇರೋ ಹೊತ್ತಲ್ಲಿ, ಬೇರೆಯವರ ಪ್ಲೇಟ್ ಹಾಕಿ, ಯಾರೂ ನೋಡಲ್ಲ ಅಂತ ಕುಣಿದಿದ್ದು. 1984ರ ಹುಡುಗ 1971ರ ಹಾಡಿಗೆ ಯಾಕೆ ಕುಣೀತಾನೆ ಅಂತ ಯಾರಾದ್ರೂ ಕೇಳಿದ್ರೆ ಉತ್ತರ ಇದೇ, ಮನೇಲಿ ಇದ್ದಿದ್ದು ಅಣ್ಣನ ಪ್ಲೇಟುಗಳು. ಆ ಹಾಡು ಕೂಡ ಹುಟ್ಟೋಕೆ ಮುಂಚಿಂದ್ಲೇ ಕುಣೀತಿದ್ದೋನ ಬಗ್ಗೆ ಇರೋದು.

ನಾನು ಎಂಟನೇ ವಯಸ್ಸಿಂದ ಭರತನಾಟ್ಯ ಕಲ್ತೆ. ಕ್ಲಾಸಿಗೆ ಸ್ಕೂಲಿಂದ ನೇರ ಹೋಗ್ಬೇಕಿತ್ತು, ಗೆಜ್ಜೆ ಬ್ಯಾಗಲ್ಲಿ ಇರ್ತಿತ್ತು. ಅಮ್ಮ ಒಂದು ಹಳೇ ಟರ್ಕಿ ಟವೆಲ್ ಕೊಟ್ಟಿದ್ರು, ಅದರಲ್ಲಿ ಒಂದೊಂದು ಗೆಜ್ಜೇನೂ ಬೇರೆ ಬೇರೆ ಸುತ್ತಿ, ಆಮೇಲೆ ಎರಡನ್ನೂ ಸೇರಿಸಿ ಸುತ್ತಿ, ಜಾಮೆಟ್ರಿ ಬಾಕ್ಸ್ ಮೇಲೆ ಇಟ್ಟು ಬಿಗಿ ಮಾಡಿದ್ರೆ ಸದ್ದು ಬರ್ತಿರ್ಲಿಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಉಸಿರು ಹಿಡ್ಕೊಂಡು ಇಳೀತಿದ್ದೆ. ಆರನೇ ಕ್ಲಾಸಲ್ಲಿ ಒಂದಿನ ಬ್ಯಾಗ್ ಕೆಳಗೆ ಬಿತ್ತು, ಘಲ್ ಅಂತು, ಅವತ್ತಿಂದ ಎರಡು ವರ್ಷ ನನ್ನ ಹೆಸರೇ ಬದಲಾಗಿತ್ತು. ಮೇಷ್ಟ್ರೂ ಅದೇ ಹೆಸರಲ್ಲಿ ಕರೀತಿದ್ರು.

ಬಿಲ್ಲಿ ಪಾತ್ರ ಮಾಡಿದ ಜೇಮೀ ಬೆಲ್ ಕೂಡ ಡರಮ್ ಸೀಮೆಯ ಬಿಲಿಂಗಮ್ ಊರಿನ ಹುಡುಗ, ಚಿಕ್ಕವಯಸ್ಸಿಂದ ಡ್ಯಾನ್ಸ್ ಕಲೀತಿದ್ದೋನು, ಸ್ಕೂಲಲ್ಲಿ ಅದನ್ನ ಮುಚ್ಚಿಟ್ಟಿದ್ದೋನು. ಆ ಹಾಸಿಗೆ ಮೇಲೆ ಹಾರೋ ಮುಖದಲ್ಲಿ ನಂಗೆ ಕಾಣೋದು ನಟನೆ ಅಲ್ಲ. ಯಾರೂ ನೋಡ್ತಿಲ್ಲ ಅಂತ ಗೊತ್ತಿದ್ದಾಗ ಬರೋ ಮುಖ ಅದು, ನಂಗೆ ಆ ಮುಖ ಗೊತ್ತು.

ಕ್ಯಾಮೆರಾ_ಕಣ್ಣು

ಗುರೂ, ಮೆಟ್ಟಿಲಿಳಿಯೋದು ಓದಿ ಗಂಟಲು ಕಟ್ಕೊಳ್ತು. ಇನ್ನೂ ಕುಣೀತಿದೀರಾ?

ಗೆಜ್ಜೆ_ಹುಡುಗ

ಹೂಂ ಕುಣೀತೀನಿ. ಈಗ ಮಕ್ಕಳಿಗೆ ಕಲಿಸ್ತೀನಿ ಕೂಡ. ಕ್ಲಾಸಲ್ಲಿ ಇಬ್ರು ಹುಡುಗ್ರು ಇದಾರೆ, ಗೆಜ್ಜೆ ಕೈಲಿ ಹಿಡ್ಕೊಂಡೇ ಬೀದೀಲಿ ಬರ್ತಾರೆ.

ಕುಡ್ಲದ_ಅಕ್ಕ

ಒಂದು ಪ್ರಶ್ನೆ ಮಾರಾಯ್ರೆ, ನನ್ನ ಮಗನಿಗೆ ಈಗ ಹತ್ತು ವರ್ಷ, ಅವನಿಗೆ ಇದನ್ನು ತೋರಿಸ್ಬಹುದಾ? ಮಕ್ಕಳ ಸಿನಿಮಾ ಅಂತಲೇ ನಾನು ಅಂದ್ಕೊಂಡದ್ದು, ಆದ್ರೆ ಮೇಲೆ ಯಾರೋ ಕೆಟ್ಟ ಬೈಗುಳ ಅಂತ ಬರ್ದಿದ್ದಾರಲ್ಲ.

ಟೈನ್_ದಡದಿಂದ

ಅಕ್ಕಾ ಇಲ್ಲಿ ಇದಕ್ಕೆ '15' ಅನ್ನೋ ಸರ್ಟಿಫಿಕೇಟ್ ಕೊಟ್ಟಿದಾರೆ, ಅಂದ್ರೆ 15 ವರ್ಷ ಆದೋರಿಗೆ ಮಾತ್ರ, ಕಾರಣ ಬೈಗುಳಗಳೇ, ಮಾತು ಮಾತಿಗೆ ಇದೆ. ಬೇರೇನೂ ಅಷ್ಟು ಭಯಪಡೋ ಹಾಗಿಲ್ಲ. ನಾನಾದ್ರೆ ಪಕ್ಕ ಕೂತ್ಕೊಂಡು ತೋರಿಸ್ತೀನಿ, ಶುರುವಿನ ಭಾಗ ಮೊದಲು ಹಾಕಿ ನೋಡಿ, ಅವನೇ ಎದ್ದು ಸೋಫಾ ಮೇಲೆ ಹಾರೋಕೆ ಶುರು ಮಾಡ್ತಾನೆ.

ಸುಮಾ_ತೀರ್ಥಹಳ್ಳಿ

ಗೆಜ್ಜೆ ಹುಡುಗ ಅವರೇ, ನೀವು ಬರೆದಿದ್ದಕ್ಕೆ ತುಂಬಾ ತುಂಬಾ ಥ್ಯಾಂಕ್ಸ್. ಕದ್ದ ಕುಣಿತ ಅನ್ನೋ ಮಾತು ನನ್ನ ಪೂರ್ತಿ ಯೋಚನೇನ ಬದಲಾಯಿಸ್ತು. ನಾನು ನೆಗೆತ ಬೇರೆ ಮೊಟ್ಟೆ ಬೇರೆ ಅಂತ ಅಂದ್ಕೊಂಡಿದ್ದೆ. ಈಗ ಅನ್ಸುತ್ತೆ, ಮೊಟ್ಟೆ ಬೇಯೋ ಹೊತ್ತಲ್ಲೇ ಅವನು ಕುಣಿದಿದ್ದು. ಅವನಿಗೆ ಅಂತ ದಿನದಲ್ಲಿ ಸಿಗೋ ಬಿಡುವು ಅಷ್ಟೇ, ಒಂದು ಹಾಡಿನಷ್ಟು, ಮೊಟ್ಟೆ ಬೇಯೋವಷ್ಟು. ಅಷ್ಟು ಹೊತ್ತು ಅಜ್ಜಿ ಮೇಲೆ ಕಣ್ಣಿಡ್ಲಿಲ್ಲ, ಅಜ್ಜಿ ಹೊರಟೋದ್ರು. ತನಗೋಸ್ಕರ ಒಂದು ಹಾಡು ಕುಣಿದಿದ್ದಕ್ಕೆ ಅವನು ಬಯಲಿಡೀ ಓಡ್ಬೇಕಾಯ್ತು. ಮುಂದೆ ಸಿನಿಮಾ ಪೂರ್ತಿ ಇದೇ ಲೆಕ್ಕಾಚಾರ ಅಲ್ವಾ, ಅವನು ಕುಣಿದ್ರೆ ಮನೆಯವರು ಏನು ಕಳ್ಕೋತಾರೆ ಅನ್ನೋದು. ಸತ್ತ ಅಮ್ಮನ ಒಡವೆನ ಅಪ್ಪ ಅಡ ಇಡ್ತಾರೆ, ಸ್ಟ್ರೈಕ್ ಮುರಿದು ಕೆಲಸಕ್ಕೆ ಹೋಗೋರ ಬಸ್ ಹತ್ತೋಕೂ ಹೋಗ್ತಾರೆ ಮಗನಿಗೋಸ್ಕರ.

ಅಜ್ಜಿ ಬಗ್ಗೆನೂ ಒಂದು. ನಾನು ಪ್ರೊಫೆಷನಲ್ ಡ್ಯಾನ್ಸರ್ ಆಗ್ಬಹುದಿತ್ತು ಅಂತ ಅವರು ಆಮೇಲೆ ಆಗಾಗ ಹೇಳ್ತಾನೇ ಇರ್ತಾರೆ, ಯಾರೂ ಕಿವಿಗೆ ಹಾಕ್ಕೊಳಲ್ಲ. ಶುರುವಲ್ಲಿ ಬಯಲಲ್ಲಿ ಕೈ ಹಿಡ್ಕೊಂಡು ನಿಂತಿರೋ ಇಬ್ರೂ ಕುಣಿಯೋರೇ, ಒಬ್ರಿಗೆ ಆಗ್ಲಿಲ್ಲ, ಇನ್ನೊಬ್ಬನಿಗೆ ಇನ್ನೂ ಗೊತ್ತಿಲ್ಲ. ಕೊನೇ ಸೀನು ದೊಡ್ಡವನಾದ ಬಿಲ್ಲಿ ಸ್ವಾನ್ ಲೇಕ್ ಅನ್ನೋ ಬ್ಯಾಲೆನಲ್ಲಿ ನೆಗೆಯೋದು, ಅದೂ ಸ್ಲೋ ಮೋಷನ್ನಲ್ಲೇ. ಶುರುವಿನ ನೆಗೆತಕ್ಕೂ ಅದಕ್ಕೂ ಇರೋ ನಂಟು ಎಲ್ರೂ ಹೇಳ್ತಾರೆ, ಆದ್ರೆ ಶುರುವಲ್ಲಿ ಗೋಡೆ ಬಿಟ್ರೆ ನೋಡೋರು ಯಾರೂ ಇರ್ಲಿಲ್ಲ, ಕೊನೇಲಿ ಅಪ್ಪ ಸೀಟಲ್ಲಿ ಕೂತು ಉಸಿರು ಎಳ್ಕೋತಾರೆ. ಅವರ ಉಸಿರು ಕೇಳಿದ್ರೆ ಈಗ್ಲೂ ನಂಗೆ ಅಳು ಬರುತ್ತೆ.

ಚಾಂಪಿಯನ್_ರೀಫ್_ಹುಡುಗ

ನಮ್ದು ಕೆಜಿಎಫ್. ತಾತ, ಅಪ್ಪ ಇಬ್ರೂ ಚಿನ್ನದ ಗಣೀಲಿ ಅಂಡರ್‌ಗ್ರೌಂಡ್ ಕೆಲಸ. ನಮ್ಮ ಗಣೀನೂ ಬ್ರಿಟಿಷ್ ಕಂಪನಿಯವರೇ ತೆಗೆದಿದ್ದು, ಜಾನ್ ಟೇಲರ್ ಅಂಡ್ ಸನ್ಸ್, 1880ರಲ್ಲಿ. ಸಾಲು ಮನೆಗಳಿಗೆ ನಾವು ಲೈನ್ ಅಂತೀವಿ, ಸಿನಿಮಾದ ಬೀದಿ ನೋಡಿದ್ರೆ ನಂಗೆ ಬೇರೆ ದೇಶ ಅಂತ ಅನ್ಸೋದೇ ಇಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತು, ನಂಗೆ ಆಗ ಒಂಬತ್ತು ವರ್ಷ.

ಶುರುವಿನ ಸೀನಲ್ಲಿ ನಂಗೆ ಮೊದಲು ಕಂಡಿದ್ದು ಅಪ್ಪ, ಅಣ್ಣ ಇಬ್ರೂ ಇಲ್ದೇ ಇರೋದು. ಗಣಿ ಮನೇಲಿ ಬೆಳಿಗ್ಗೆ ಗಂಡಸರು ಇಲ್ಲ ಅಂದ್ರೆ ಶಿಫ್ಟಿಗೆ ಹೋಗಿದಾರೆ ಅಂತ. ಇಲ್ಲಿ ಶಿಫ್ಟೇ ಇಲ್ಲ, ಆದ್ರೂ ಮನೆ ಖಾಲಿ. ಬಸೂ ಅಣ್ಣ ಕೇಳಿದ ಒಂದು ಮಾತು ಅಲ್ಲೇ ಇದೆ ಅನ್ಸುತ್ತೆ, ಗಂಡಸರು ಎಲ್ಲಿ ಅನ್ನೋ ಪ್ರಶ್ನೆಗೆ ಆ ಶೀಲ್ಡ್ ಸಾಲೇ ಉತ್ತರ.

ಈ ಥ್ರೆಡ್ ಓದಿ ನಿನ್ನೆ ರಾತ್ರಿ ಅಪ್ಪನ ಜೊತೆ ಕೂತು ಸಿನಿಮಾ ಹಾಕ್ದೆ. ಅವರಿಗೆ ಇಂಗ್ಲಿಷ್ ಅಷ್ಟು ಅರ್ಥ ಆಗಲ್ಲ, ಪಕ್ಕದಲ್ಲಿ ನಾನು ಹೇಳ್ತಾ ಹೋದೆ, ಅರ್ಧ ಆದ್ಮೇಲೆ ಸುಮ್ನಿರು ಗೊತ್ತಾಗ್ತಿದೆ ಅಂದ್ರು. ಕ್ರಿಸ್ಮಸ್ ಸೀನಲ್ಲಿ ಬಿಲ್ಲಿ ಅಪ್ಪ ಸತ್ತ ಹೆಂಡ್ತಿ ಪಿಯಾನೋ ಒಡೆದು ಒಲೆಗೆ ಹಾಕ್ತಾರಲ್ಲ, ಅಲ್ಲಿ ಅಪ್ಪ ಪಾಸ್ ಮಾಡು ಅಂದ್ರು. ಕಲ್ಲಿದ್ದಲು ತೆಗೆಯೋರ ಮನೇಲೇ ಒಲೆಗೆ ಕಲ್ಲಿದ್ದಲಿಲ್ಲ ನೋಡು ಅಂದ್ರು. ಗಣಿ ನಿಂತ ವರ್ಷ ಅಮ್ಮನ ಕಿವೀದು ಅಡ ಇಟ್ಟಿದ್ರಂತೆ, ಅದು ನಂಗೆ ಗೊತ್ತೇ ಇರ್ಲಿಲ್ಲ, ನಿನ್ನೆ ಹೇಳಿದ್ರು. ಮೂವತ್ತು ವರ್ಷ ಚಿನ್ನದ ಕಲ್ಲು ಹೊತ್ತ ಕೈ ಅದು.

ಮುಗಿದ ಮೇಲೆ ಮೊದಲಿಂದ ಇನ್ನೊಂದ್ಸಲ ಹಾಕು ಅಂದ್ರು. ಹುಡುಗ ಹಾರೋದು ಮುಗೀತು, ನಿಲ್ಲಿಸೋಕೆ ರಿಮೋಟ್ ತಗೊಂಡೆ, ಕೈ ಹಿಡಿದು ತಡೆದ್ರು. ಇರು, ಅಜ್ಜಿ ಸಿಗ್ಲಿ ಅಂದ್ರು.